ಬಿದಿರು ಕಡ್ಡಿಯ ಕ್ರಿಸ್ಮಸ್ ನಕ್ಷತ್ರ: ಸೊಟ್ಟಗಾಗದಂತೆ, ಹರಿಯದಂತೆ ಮನೆಯಲ್ಲೇ ಕಟ್ಟುವ ಕ್ರಮ

ಪ್ರತಿ ಡಿಸೆಂಬರಿನಲ್ಲೂ ಕೇಳಿಬರುವ ದೂರು ಒಂದೇ. ನೆಲದ ಮೇಲೆ ಇಟ್ಟಾಗ ನಕ್ಷತ್ರ ಚೆನ್ನಾಗಿಯೇ ಇರುತ್ತದೆ. ಎರಡು ಚೌಕಟ್ಟು ಸೇರಿಸಿ ನಡುವೆ ಅಡ್ಡಕಡ್ಡಿ ಕೊಟ್ಟ ಕೂಡಲೇ ಒಂದು ಕೋಡು ಉದ್ದ, ಇನ್ನೊಂದು ಗಿಡ್ಡ. ಹೇಗೋ ಕಾಗದ ಅಂಟಿಸಿದರೆ ಮರುದಿನ ಬೆಳಿಗ್ಗೆ ಅದು ಸುಕ್ಕು ಬಿದ್ದಿರುತ್ತದೆ, ಇಲ್ಲವೇ ಹರಿದಿರುತ್ತದೆ. ಕೊನೆಗೆ ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ ಮನೆ ಮುಂದೆ ನೇತಾಡುತ್ತದೆ.

ತಪ್ಪು ಹೆಚ್ಚಾಗಿ ಕಾಗದದಲ್ಲಿ ಇರುವುದಿಲ್ಲ, ಕಡ್ಡಿಯಲ್ಲಿ ಇರುತ್ತದೆ. ಅಳತೆ ಹಾಕದೆ ಕಣ್ಣಂದಾಜಿನಲ್ಲಿ ಕಟ್ಟುವುದು ಒಂದು. ಬಿಗಿಯಬಾರದ ಹೊತ್ತಿನಲ್ಲಿ ಗಂಟು ಬಿಗಿಯುವುದು ಇನ್ನೊಂದು. ಈ ಎರಡನ್ನು ಸರಿ ಮಾಡಿಕೊಂಡರೆ ಉಳಿದದ್ದು ತಾಳ್ಮೆಯ ಕೆಲಸ. ಹಾಗಾಗಿ ಇಲ್ಲಿ ಚೌಕಟ್ಟಿನ ಬಗ್ಗೆಯೇ ಜಾಸ್ತಿ ಹೇಳಿದ್ದೇನೆ.

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಕಟ್ಟುವ ಐದು ಕೋಡಿನ, ಒಳಗೆ ಬಲ್ಬು ಉರಿಯುವ ಉಬ್ಬು ನಕ್ಷತ್ರ ಇದು. ಕೊನೆಯಲ್ಲಿ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಹಸಿರು ಗದ್ದೆಯ ಬಗ್ಗೆಯೂ ಸ್ವಲ್ಪ ಇದೆ. ಅದಕ್ಕೂ ದಿನ ಲೆಕ್ಕ ಹಾಕಿಯೇ ಕೈ ಹಾಕಬೇಕು.

## ಯಾವಾಗ ಶುರು ಮಾಡಬೇಕು

ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಆ ವಾರ ನಕ್ಷತ್ರ ಏರಿಸಬೇಕೆಂದಿದ್ದರೆ ನವೆಂಬರ್ ಮಧ್ಯದಲ್ಲೇ ಬಿದಿರು ಮನೆಗೆ ಬಂದಿರಬೇಕು. ಡಿಸೆಂಬರ್ 22ಕ್ಕೆ ಹಸಿ ಬಿದಿರು ತಂದು 23ಕ್ಕೆ ಕಟ್ಟಲು ಕೂತರೆ ಅದು ಸೊಟ್ಟಗಾಗದೆ ಇರುವುದೇ ಇಲ್ಲ.

ಕಾಗದವನ್ನು ಇನ್ನೂ ಮೊದಲು, ದೀಪಾವಳಿಯ ಹೊತ್ತಿಗೇ ಕೊಂಡಿಡಿ. ಗೂಡುದೀಪಕ್ಕೂ ಇದೇ ಕಡ್ಡಿ, ಇದೇ ಬಣ್ಣದ ಕಾಗದ ತಾನೇ? ಆಗ ಅಂಗಡಿಯಲ್ಲಿ ಬೇಕಾದ ಬಣ್ಣ ಸುಲಭವಾಗಿ ಸಿಗುತ್ತದೆ. ನೆರೆಮನೆಯಲ್ಲಿ ಗೂಡುದೀಪ ಕಟ್ಟುವವರಿದ್ದರೆ ಅವರಿಂದ ಬಿದಿರು ಸೀಳುವುದನ್ನೂ ಕಲಿಯಬಹುದು.

## ಬೇಕಾದ ಸಾಮಾನು

ಬಿದಿರಿನ ಉದ್ದ ಕಡ್ಡಿ 10. ಪ್ರತಿಯೊಂದೂ 62 ಸೆಂ.ಮೀ. ಉದ್ದ, ಸುಮಾರು 1 ಸೆಂ.ಮೀ. ಅಗಲ, 3ರಿಂದ 4 ಮಿ.ಮೀ. ದಪ್ಪ. ಗಿಡ್ಡ ಅಡ್ಡಕಡ್ಡಿ 5, ತಲಾ 15 ಸೆಂ.ಮೀ. ಇವು ಸ್ವಲ್ಪ ದಪ್ಪಗಿರಲಿ. ಎರಡನ್ನೂ ಒಂದೊಂದು ಹೆಚ್ಚಾಗಿ ಮಾಡಿಟ್ಟುಕೊಳ್ಳಿ. ಬಗ್ಗಿಸುವಾಗ ಒಂದಾದರೂ ಮುರಿಯುತ್ತದೆ.

ಕಟ್ಟಲು ಹತ್ತಿ ದಾರ ಅಥವಾ ತೆಳು ಸಣಬಿನ ದಾರ ಬೇಕು. ನೈಲಾನ್ ದಾರ ಬೇಡ. ಅದು ಬಿದಿರಿನ ನುಣುಪು ಸಿಪ್ಪೆಯ ಮೇಲೆ ಜಾರುತ್ತದೆ, ಗಂಟು ತಾನಾಗಿಯೇ ಸಡಿಲವಾಗುತ್ತದೆ.

ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಕಾಗದ, ಮೈದಾ, ಹರಿತವಾದ ಕತ್ತಿ, ಸಣ್ಣ ಚಾಕು, ಉಜ್ಜುವ ಕಾಗದ, ಅಳತೆ ಟೇಪು, ಪೆನ್ಸಿಲ್, ಕತ್ತರಿ, ಒಂದು ಹಳೆಯ ರಟ್ಟು. ದೀಪಕ್ಕೆ 5ರಿಂದ 7 ವ್ಯಾಟಿನ ಎಲ್‌ಇಡಿ ಬಲ್ಬು, ಹೋಲ್ಡರ್, ಜಾಯಿಂಟ್ ಇಲ್ಲದ ಒಂದೇ ಉದ್ದನೆಯ ವೈರು. ವೈರು ಎಷ್ಟು ಬೇಕೆಂದು ಅಂಗಡಿಗೆ ಹೋಗುವ ಮೊದಲೇ ಅಳೆದುಕೊಳ್ಳಿ.

## 1. ಬಿದಿರು ಸೀಳಿ ಒಣಗಿಸುವುದು

ಕುಟ್ಟೆ ಹಿಡಿದ, ಅಂದರೆ ಹುಳು ಕೊರೆದ, ಬಿದಿರು ಬೇಡ. ತಟ್ಟಿದಾಗ ಸಣ್ಣ ತೂತುಗಳಿಂದ ಹಿಟ್ಟಿನಂಥ ಹುಡಿ ಉದುರಿದರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಸೀಳಿದ ಕಡ್ಡಿಯ ಒಳಮೈಯ ಮೆತ್ತನೆಯ ಭಾಗವನ್ನು ಚಾಕುವಿನಿಂದ ಹೆರೆದು ತೆಗೆಯಿರಿ. ಹೊರಗಿನ ಸಿಪ್ಪೆಯನ್ನು ಮುಟ್ಟಬೇಡಿ, ಕಡ್ಡಿಯ ಬಲ ಅಲ್ಲಿಯೇ ಇರುವುದು. ಗಂಟು ಇರುವ ಕಡೆ ಉಬ್ಬಿದ್ದರೆ ಅಲ್ಲಿ ಮಾತ್ರ ಉಜ್ಜಿ ಸಮ ಮಾಡಿ. ಅಂಚುಗಳನ್ನೂ ಉಜ್ಜಿ. ಸೀಳಿದ ಬಿದಿರಿನ ಅಂಚು ಬ್ಲೇಡಿನಷ್ಟೇ ಹರಿತ, ಮಕ್ಕಳ ಕೈಗೆ ಕೊಡುವ ಮುನ್ನ ಇದು ಆಗಲೇಬೇಕು.

ಆಮೇಲೆ ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಿಸಿ. ಹಸಿ ಬಿದಿರು ಒಣಗುತ್ತಾ ಕುಗ್ಗುತ್ತದೆ. ಇಂದು ಬಿಗಿಯಾಗಿ ಕಟ್ಟಿದ ಗಂಟು ಮುಂದಿನ ವಾರ ಸಡಿಲವಾಗುವುದು ಅದರಿಂದಲೇ. ಬಿಸಿಲಿಗೆ ಹಾಕಿದರೆ ಕಡ್ಡಿ ತಿರುಚಿಕೊಳ್ಳುತ್ತದೆ.

ಪರೀಕ್ಷೆ: ಸಿಪ್ಪೆ ಹೊರಕ್ಕೆ ಬರುವಂತೆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸಿ. ಬಿಲ್ಲಿನಂತೆ ಒಂದೇ ಸಮ ಬಾಗಬೇಕು. ಒಂದು ಕಡೆ ಮಾತ್ರ ಮೂಲೆಯಾಗಿ ಬಾಗಿದರೆ ಅಲ್ಲಿ ದಪ್ಪ ಕಡಿಮೆ ಇದೆ ಎಂದರ್ಥ. ಅದು ಅಡ್ಡಕಡ್ಡಿಯೂ ಆಗದು, ಪಕ್ಕಕ್ಕಿಡಿ.

## 2. ಗುರುತು ಹಾಕುವುದು

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಹತ್ತು ಉದ್ದ ಕಡ್ಡಿಗಳಿಗೂ ಒಂದು ತುದಿಯಿಂದ ಅಳೆದು 1, 24, 38, 61 ಸೆಂ.ಮೀ.ನಲ್ಲಿ ಪೆನ್ಸಿಲಿನ ಗೆರೆ ಎಳೆಯಿರಿ.

ಮೊದಲ ಮತ್ತು ಕೊನೆಯ ಗುರುತಿನಲ್ಲಿ ಕೋಡಿನ ತುದಿಯ ಗಂಟು ಬರುತ್ತದೆ. ನಡುವಿನ ಎರಡು ಗುರುತಿನಲ್ಲಿ ಬೇರೆ ಕಡ್ಡಿ ಅಡ್ಡ ಹಾಯುತ್ತದೆ. ಐದು ಕೋಡಿನ ಸರಿಯಾದ ನಕ್ಷತ್ರದಲ್ಲಿ ಕಡ್ಡಿಗಳು ಒಂದನ್ನೊಂದು ಹಾಯುವ ಜಾಗ ಯಾವಾಗಲೂ ಉದ್ದದ ಶೇಕಡಾ 38ರಲ್ಲೇ ಬರುತ್ತದೆ. ನಿಮಗೆ ದೊಡ್ಡದು ಬೇಕೆಂದಿದ್ದರೆ ಎರಡು ತುದಿ ಗಂಟುಗಳ ನಡುವಿನ ಉದ್ದವನ್ನು 0.382ರಿಂದ ಗುಣಿಸಿ. 92 ಸೆಂ.ಮೀ. ಕಡ್ಡಿಗೆ ಗುರುತು ಸುಮಾರು 1, 35.5, 56.5, 91ರಲ್ಲಿ ಬರುತ್ತದೆ. ಮೊದಲ ಸಲ ಕಟ್ಟುವವರು 62ರದ್ದನ್ನೇ ಮಾಡಿ. ದೊಡ್ಡ ನಕ್ಷತ್ರದಲ್ಲಿ ಸಣ್ಣ ತಪ್ಪು ಕೂಡ ದೂರದಿಂದ ಕಾಣುತ್ತದೆ.

## 3. ಒಂದು ನಕ್ಷತ್ರ ಹೆಣೆಯುವುದು

ನೆಲದ ಮೇಲೆ ಸೀಮೆಸುಣ್ಣದಿಂದ ಐದು ತುದಿಗಳ ಜಾಗ ಗುರುತಿಸಿ. ಮೇಲಿನದು 1. ಅಲ್ಲಿಂದ ಗಡಿಯಾರ ಸುತ್ತುವ ದಿಕ್ಕಿನಲ್ಲಿ 2, 3, 4, 5. ಎಲ್ಲ ಕಡ್ಡಿಗಳ ಸಿಪ್ಪೆಯೂ ಮೇಲ್ಮುಖವಾಗಿರಲಿ. ಈಗ ಈ ಕ್ರಮದಲ್ಲೇ ಇಡಿ:

ಮೊದಲ ಕಡ್ಡಿ 1ರಿಂದ 3ಕ್ಕೆ.
ಎರಡನೆಯದು 3ರಿಂದ 5ಕ್ಕೆ.
ಮೂರನೆಯದು 5ರಿಂದ 2ಕ್ಕೆ. ಇದು ಮೊದಲ ಕಡ್ಡಿಯ ಅಡಿಯಲ್ಲಿ ಹೋಗಬೇಕು.
ನಾಲ್ಕನೆಯದು 2ರಿಂದ 4ಕ್ಕೆ. ಮೊದಲ ಕಡ್ಡಿಯ ಮೇಲೆ, ಎರಡನೆಯದರ ಅಡಿಯಲ್ಲಿ.
ಐದನೆಯದು 4ರಿಂದ 1ಕ್ಕೆ. ಎರಡನೆಯದರ ಮೇಲೆ, ಮೂರನೆಯದರ ಅಡಿಯಲ್ಲಿ.

ಹೀಗೆ ಒಂದರ ಮೇಲೆ, ಒಂದರ ಕೆಳಗೆ ಹಾಯ್ದರೆ ಕಡ್ಡಿಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸುಮ್ನೆ ಒಂದರ ಮೇಲೊಂದು ಪೇರಿಸಿದರೆ ಕೊನೆಯ ಕಡ್ಡಿ ಎತ್ತರದಲ್ಲಿ ನಿಲ್ಲುತ್ತದೆ, ಚೌಕಟ್ಟು ಚಪ್ಪಟೆಯಾಗಿ ಕೂರುವುದಿಲ್ಲ.

ಹಾಯುವ ಐದೂ ಜಾಗಗಳಲ್ಲಿ ಗುರುತಿನ ಮೇಲೆ ಗುರುತು ಬಂದಿದೆಯೇ ನೋಡಿ. ಆಮೇಲೆ ಐದು ತುದಿಗಳನ್ನು ಬಿಗಿಯಾಗಿ ಕಟ್ಟಿ. ನಡುವಿನ ಐದು ಹಾಯುವ ಜಾಗಗಳನ್ನು ಮಾತ್ರ ಬಿಗಿಯಬೇಡಿ. ಒಂದೇ ಸುತ್ತು ದಾರ ಹಾಕಿ ಸಡಿಲ ಗಂಟು ಕೊಡಿ, ದಾರದ ತುದಿ ಉದ್ದವಾಗಿ ಬಿಟ್ಟಿರಿ.

ಕಾರಣ ಇಷ್ಟೇ. ಅಡ್ಡಕಡ್ಡಿ ಕೊಟ್ಟಾಗ ಕಡ್ಡಿಗಳು ಹೊರಕ್ಕೆ ಬಾಗುತ್ತವೆ, ಹಾಯುವ ಜಾಗ ಕೂದಲೆಳೆಯಷ್ಟು ಜರುಗುತ್ತದೆ. ಮೊದಲೇ ಬಿಗಿದಿದ್ದರೆ ಅದು ಜರುಗಲಾರದು. ಆಗ ಒಂದು ಕೋಡು ತಿರುಚುತ್ತದೆ, ಇಲ್ಲವೇ ಕಡ್ಡಿ ಮುರಿಯುತ್ತದೆ.

ಪರೀಕ್ಷೆ: ಪಕ್ಕಪಕ್ಕದ ಎರಡು ಕೋಡುಗಳ ತುದಿಯಿಂದ ತುದಿಗೆ ಅಳೆಯಿರಿ. ಐದು ಕಡೆಯೂ 37 ಸೆಂ.ಮೀ. ಬರಬೇಕು. ಅರ್ಧ ಸೆಂ.ಮೀ. ಆಚೀಚೆ ಪರವಾಗಿಲ್ಲ. ಎಲ್ಲಾದರೂ 35 ಅಥವಾ 39 ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಮುಂದೆ ಅದನ್ನು ಸರಿ ಮಾಡುವ ದಾರಿ ಇಲ್ಲ.

ಇದೇ ಕ್ರಮದಲ್ಲಿ ಎರಡನೇ ನಕ್ಷತ್ರ ಹೆಣೆಯಿರಿ.

## 4. ಎರಡನ್ನು ಸೇರಿಸಿ ಉಬ್ಬಿಸುವುದು

ಅಡ್ಡಕಡ್ಡಿಯ ಎರಡೂ ತುದಿಯಲ್ಲಿ ಅರ್ಧ ಸೆಂ.ಮೀ. ಆಳಕ್ಕೆ ಕವೆಯಂತೆ ಕಚ್ಚು ಕೊರೆಯಿರಿ. ಕಚ್ಚಿನ ತಳದಿಂದ ತಳಕ್ಕೆ 14 ಸೆಂ.ಮೀ. ಇರಬೇಕು. ಐದೂ ಒಂದೇ ಅಳತೆ ಇರಲಿ. ಇಲ್ಲಿ ಕಣ್ಣಂದಾಜು ನಡೆಯುವುದಿಲ್ಲ.

ಎರಡು ನಕ್ಷತ್ರಗಳನ್ನು ಒಂದರ ಮೇಲೊಂದು ಇಡಿ. ಸಿಪ್ಪೆ ಎರಡೂ ಕಡೆ ಹೊರಮುಖವಾಗಿರಬೇಕು. ಐದು ತುದಿಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ. ಒಂದೊಂದು ತುದಿಯಲ್ಲೂ ನಾಲ್ಕು ಕಡ್ಡಿಯ ಕೊನೆ ಇರುತ್ತದೆ, ನಾಲ್ಕೂ ಒಂದೇ ಗಂಟಿನಲ್ಲಿ ಸೇರಲಿ.

ಈಗ ಇಬ್ಬರು ಬೇಕು. ಒಬ್ಬರು ಮೇಲಿನ ನಕ್ಷತ್ರವನ್ನು ಹಾಯುವ ಜಾಗದಲ್ಲಿ ಹಿಡಿದು ಮೆಲ್ಲಗೆ ಎತ್ತಬೇಕು. ಇನ್ನೊಬ್ಬರು ಅಡ್ಡಕಡ್ಡಿಯನ್ನು ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಹಾಯುವ ಜಾಗ ಕಚ್ಚಿನೊಳಗೆ ಕೂರುವಂತೆ ಮಾಡಬೇಕು. ಒಂದಾದ ಮೇಲೆ ಅದರ ಪಕ್ಕದ್ದಕ್ಕೆ ಹೋಗಬೇಡಿ, ಒಂದು ಬಿಟ್ಟು ಮುಂದಿನದಕ್ಕೆ ಹೋಗಿ. ಸಾಲಾಗಿ ಹೋದರೆ ಬಾಗುವ ಒತ್ತಡವೆಲ್ಲ ಒಂದೇ ಕಡೆ ಬಿದ್ದು ಕೊನೆಯ ಅಡ್ಡಕಡ್ಡಿ ಕೂರುವುದೇ ಇಲ್ಲ.

ಐದೂ ಕೂತ ಮೇಲೆ ಕೋಡಿನ ತುದಿಗಳ ನಡುವಿನ ಅಳತೆ ಮತ್ತೆ ನೋಡಿ. ಈಗ ಅದು ಸುಮಾರು 36 ಸೆಂ.ಮೀ.ಗೆ ಇಳಿದಿರುತ್ತದೆ. ಐದೂ ಸಮ ಇದ್ದರೆ ಸಾಕು. ಸಮ ಇಲ್ಲದಿದ್ದರೆ ಹಾಯುವ ಜಾಗವನ್ನು ಬೆರಳಿನಿಂದ ತಳ್ಳಿ ಸರಿಪಡಿಸಿ. ಆಮೇಲೆಯೇ ಸಡಿಲ ಬಿಟ್ಟ ದಾರಗಳನ್ನು ಅಡ್ಡಕಡ್ಡಿಗೂ ಸೇರಿಸಿ ಬಿಗಿಯಾಗಿ ಸುತ್ತಿ. ಗಂಟಿನ ಮೇಲೆ ಒಂದೊಂದು ಹನಿ ಫೆವಿಕಾಲ್ ಹಾಕಿ.

ಇಡೀ ರಾತ್ರಿ ಹಾಗೆಯೇ ಬಿಡಿ. ಮಕ್ಕಳು ಕಾಗದ ಅಂಟಿಸೋಣ ಎಂದು ಹಟ ಹಿಡಿಯುತ್ತಾರೆ, ಆದರೂ ಬಿಡಿ. ಒತ್ತಡಕ್ಕೆ ಯಾವುದಾದರೂ ಗಂಟು ಜಾರುವುದಿದ್ದರೆ ಈ ರಾತ್ರಿಯೇ ಜಾರಲಿ.

ಅಪಾಯದ ಸೂಚನೆಗಳು ಇಲ್ಲಿ ಕಿವಿಗೆ ಕೇಳುತ್ತವೆ. ಬಗ್ಗಿಸುವಾಗ ಸಣ್ಣಗೆ ಚಟಚಟ ಸದ್ದು ಬಂದರೆ ನಿಲ್ಲಿಸಿ. ಆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ಮತ್ತೆ ಬಗ್ಗಿಸಿ. ಎಳೆ ಎದ್ದಿದ್ದರೆ ಬದಲಾಯಿಸಿ. ದಾರ ಸುತ್ತಿ ತೇಪೆ ಹಾಕಿದ ಕಡ್ಡಿ ಕಾಗದದ ಒಳಗೆ ಮುರಿಯುತ್ತದೆ. ಆಗ ಇಡೀ ಕೆಲಸ ಹಾಳು.

## 5. ಅಂಟು ಕಾಯಿಸುವುದು

ಎರಡು ದೊಡ್ಡ ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಆಮೇಲೆ ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಂಜಿಯಂತೆ ಹೊಳಪು ಬಂದಾಗ ಇಳಿಸಿ. ಪೂರ್ತಿ ಆರಿದ ಮೇಲೆ ಬಳಸಿ. ಬಿಸಿ ಅಂಟು ತೆಳು ಕಾಗದವನ್ನು ಕರಗಿಸಿಬಿಡುತ್ತದೆ.

ಜಿರಳೆ ಕಾಟಕ್ಕೆ ಕೆಲವರು ಮೈಲುತುತ್ತು ಬೆರೆಸುತ್ತಾರೆ. ಅದು ವಿಷ. ಮಕ್ಕಳು ಕೂತು ಅಂಟಿಸುವ ಮನೆಯಲ್ಲಿ ಬೇಡವೇ ಬೇಡ. ಅಂಟನ್ನು ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಹುಳಿ ವಾಸನೆ ಬಂದರೆ ಚೆಲ್ಲಿ.

## 6. ಕಾಗದ ಕತ್ತರಿಸುವುದು

ನಕ್ಷತ್ರಕ್ಕೆ ಒಟ್ಟು 22 ತುಂಡು ಬೇಕು. ಮುಂದೆ ಐದು ತ್ರಿಕೋನ, ಹಿಂದೆ ಐದು, ಕೋಡುಗಳ ಪಕ್ಕಕ್ಕೆ ಹತ್ತು. ಜೊತೆಗೆ ಮುಂದಿನ ಮತ್ತು ಹಿಂದಿನ ನಡುಭಾಗಕ್ಕೆ ಒಂದೊಂದು ಐದು ಮೂಲೆಯ ತುಂಡು.

ಅಡ್ಡಕಡ್ಡಿಗೆ 14 ಸೆಂ.ಮೀ. ಎಂದು ಹೇಳಿದ್ದರ ಲಾಭ ಈಗ ಸಿಗುತ್ತದೆ. ಮುಂದಿನ, ಹಿಂದಿನ, ಪಕ್ಕದ ತ್ರಿಕೋನಗಳೆಲ್ಲ ಒಂದೇ ಅಳತೆಗೆ ಬರುತ್ತವೆ. ಬುಡ 14, ಎರಡು ಬದಿ 23 ಸೆಂ.ಮೀ. ಒಂದು ರಟ್ಟಿನ ಅಚ್ಚು ಮಾಡಿ, ಸುತ್ತಲೂ ಮಡಚಲು 1 ಸೆಂ.ಮೀ. ಬಿಟ್ಟು ಇಪ್ಪತ್ತನ್ನೂ ಅದರಿಂದಲೇ ತೆಗೆಯಬಹುದು. ಐದು ಮೂಲೆಯ ತುಂಡಿನ ಪ್ರತಿ ಬದಿಯೂ 14 ಸೆಂ.ಮೀ. ಅದನ್ನು ಅಳೆಯುವ ಬದಲು ಕಾಗದದ ಮೇಲೆ ಚೌಕಟ್ಟು ಇಟ್ಟು ಗೆರೆ ಎಳೆದುಕೊಳ್ಳಿ, ಸುಲಭ.

ಒಂದೇ ಸಲ ಇಪ್ಪತ್ತು ಕತ್ತರಿಸಬೇಡಿ. ಮೊದಲ ತುಂಡನ್ನು ಚೌಕಟ್ಟಿಗೆ ಹಿಡಿದು ನೋಡಿ. ಕಡ್ಡಿಯ ಬಾಗು ಹೆಚ್ಚಿದ್ದರೆ ಅಚ್ಚಿನ ಬದಿಯನ್ನು ಸ್ವಲ್ಪ ಹೊರಕ್ಕೆ ಉಬ್ಬಿಸಬೇಕಾಗಬಹುದು.

ಬಣ್ಣ ನಿಮ್ಮಿಷ್ಟ. ನನ್ನ ಮಟ್ಟಿಗೆ ಎರಡು ಬಣ್ಣ ಸಾಕು: ಮುಂದೆ ಹಿಂದೆ ಬಿಳಿ ಅಥವಾ ಹಳದಿ, ಪಕ್ಕಕ್ಕೆ ಕೆಂಪು. ಐದಾರು ಬಣ್ಣ ಹಾಕಿದರೆ ಹಗಲಲ್ಲಿ ಚೆಂದ, ರಾತ್ರಿ ದೀಪ ಹಚ್ಚಿದಾಗ ಕೋಡುಗಳ ಆಕಾರವೇ ಕಾಣುವುದಿಲ್ಲ. ಕಡು ನೀಲಿ, ಕಡು ಹಸಿರು ಬೆಳಕನ್ನು ತುಂಬಾ ನುಂಗುತ್ತವೆ.

## 7. ಅಂಟಿಸುವ ಸರದಿ

ಮೊದಲು ಪಕ್ಕದ ಹತ್ತು. ಆಮೇಲೆ ಹಿಂದಿನ ಐದು, ಮುಂದಿನ ಐದು. ಕೊನೆಗೆ ಮುಂದಿನ ನಡು ತುಂಡು. ಹೀಗೆ ಮಾಡಿದರೆ ಪಕ್ಕದ ತುಂಡುಗಳ ಮಡಿಕೆ ಮುಂದಿನ ಕಾಗದದ ಅಡಿಗೆ ಹೋಗಿ ಮರೆಯಾಗುತ್ತದೆ. ಹಿಂದಿನ ನಡು ತುಂಡನ್ನು ಈಗ ಅಂಟಿಸಬೇಡಿ, ಬಲ್ಬು ಹೋಗುವ ದಾರಿ ಅದೇ.

ಅಂಟನ್ನು ಕಡ್ಡಿಗೆ ಹಚ್ಚಿ, ಕಾಗದಕ್ಕಲ್ಲ. ಕಾಗದಕ್ಕೆ ಹಚ್ಚಿದರೆ ಅದು ನೆನೆದು ಹಿಗ್ಗಿ ಕೈಗೆ ಅಂಟಿಕೊಳ್ಳುತ್ತದೆ. ಬುಡದ ಕಡ್ಡಿಯಿಂದ ಶುರು ಮಾಡಿ ತುದಿಯ ಕಡೆ ಹೋಗಿ. ಬಿಗಿಯಾಗಿ ಎಳೆಯಬೇಡಿ, ಸುಕ್ಕಿಲ್ಲದಷ್ಟು ಇದ್ದರೆ ಸಾಕು.

ಚಿಕ್ಕ ಮಕ್ಕಳಿಗೆ ಪಕ್ಕದ ತುಂಡುಗಳನ್ನು ಕೊಡಿ. ಅಲ್ಲಿ ಸ್ವಲ್ಪ ಓರೆಯಾದರೂ ಕಾಣುವುದಿಲ್ಲ. ಅಳತೆ ಟೇಪು ಹೈಸ್ಕೂಲಿಗೆ ಹೋಗುವವರ ಕೈಗೆ ಹೋಗಲಿ. ಅಜ್ಜನಿಗೋ ಮಾವನಿಗೋ ಬಿದಿರು ಸೀಳಿ ಅಭ್ಯಾಸ ಇದ್ದರೆ ಕತ್ತಿ ಅವರದ್ದೇ. ಹಂಚಿಕೊಂಡು ಮಾಡಿದ ನಕ್ಷತ್ರದ ಮುಂದೆ ನಿಂತು, "ಇದು ನಾನು ಅಂಟಿಸಿದ್ದು" ಎಂದು ಮಗು ಬಂದವರಿಗೆಲ್ಲ ತೋರಿಸುತ್ತದಲ್ಲ, ಅದಕ್ಕಾಗಿಯೇ ಇಷ್ಟು ಕಷ್ಟಪಡಬೇಕು ಅನ್ನಿಸುತ್ತದೆ ನನಗೆ.

ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಕಾಗದ ಅಲ್ಲಲ್ಲಿ ಸಡಿಲ ಕಂಡರೆ ಸ್ಪ್ರೇ ಬಾಟಲಿಯಿಂದ ದೂರದಲ್ಲಿ ನಿಂತು ನೀರಿನ ತುಂತುರು ಹಾಯಿಸಿ. ತೆಳು ಕಾಗದ ಮತ್ತೆ ಒಣಗುವಾಗ ತಾನಾಗಿ ಬಿಗಿಯುತ್ತದೆ. ಆದರೆ ಮೊದಲು ಒಂದು ಚೂರು ಕಾಗದವನ್ನು ಒದ್ದೆ ಮಾಡಿ ನೋಡಿ. ಬಣ್ಣ ಬಿಡುವ ಕಾಗದವಾದರೆ ಈ ಕೆಲಸಕ್ಕೆ ಹೋಗಬೇಡಿ.

## 8. ದೀಪ ಇಡುವುದು

ಮೇಲಿನ ಕೋಡಿನ ಬುಡದಲ್ಲಿ ಎಡಕ್ಕೊಂದು, ಬಲಕ್ಕೊಂದು ಅಡ್ಡಕಡ್ಡಿ ಇದೆ. ಆ ಎರಡರ ನಡುವೆ ಗಟ್ಟಿ ದಾರ ಬಿಗಿದು ಕಟ್ಟಿ, ಅದರ ಮಧ್ಯದಿಂದ ಹೋಲ್ಡರನ್ನು ಇಳಿಬಿಡಿ. ಹೋಲ್ಡರಿನ ಭಾರ ದಾರದ ಮೇಲಿರಬೇಕು, ವೈರಿನ ಮೇಲಲ್ಲ.

ಒಳಗಿನ ಜಾಗ ಹಿಂದಿನಿಂದ ಮುಂದಕ್ಕೆ 14 ಸೆಂ.ಮೀ. ಮಾತ್ರ. ಬಲ್ಬು ಇಟ್ಟ ಮೇಲೆ ಎರಡೂ ಬದಿಗೆ ಸುಮಾರು 4 ಸೆಂ.ಮೀ. ಉಳಿಯುತ್ತದೆ. ಹಳೆಯ 40 ಅಥವಾ 60 ವ್ಯಾಟಿನ ತಂತಿ ಬಲ್ಬಿಗೆ ಈ ಜಾಗ ಸಾಲದು, ಕಾಗದ ಕಪ್ಪಾಗಿ ಬೆಂಕಿ ಹಿಡಿಯಬಹುದು. ಮೇಣದ ಬತ್ತಿಯ ಮಾತೇ ಬೇಡ. ಎಲ್‌ಇಡಿ ಮಾತ್ರ.

ಏರಿಸುವ ಮೊದಲು ಮನೆಯೊಳಗೇ ಒಂದು ಗಂಟೆ ಉರಿಸಿ. ಬಲ್ಬಿನ ಎದುರಿನ ಕಾಗದವನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬಿಸಿ ಅನ್ನಿಸಿದರೆ, ಕಂದು ಕಲೆ ಕಂಡರೆ, ಸುಟ್ಟ ವಾಸನೆ ಬಂದರೆ ತಕ್ಷಣ ಆರಿಸಿ, ಬಲ್ಬು ಬದಲಾಯಿಸಿ.

ಹಿಂದಿನ ನಡು ತುಂಡನ್ನು ಮೇಲಿನ ಒಂದು ಬದಿಗೆ ಮಾತ್ರ ಅಂಟಿಸಿ ಬಾಗಿಲಿನಂತೆ ಬಿಡಿ. ಕೆಳಗೆ ಸಣ್ಣ ಟೇಪು ಸಾಕು. ಹಬ್ಬದ ನಡುವೆ ಬಲ್ಬು ಕೆಟ್ಟರೆ ಕಾಗದ ಹರಿಯದೆ ಬದಲಿಸಬಹುದು.

## 9. ಏರಿಸುವುದು

ಮೇಲಿನ ತುದಿಯ ಗಂಟಿಗೆ ನೈಲಾನ್ ಹಗ್ಗ ಕಟ್ಟಿ. ಇಲ್ಲಿ ನೈಲಾನೇ ಒಳ್ಳೆಯದು, ಮಂಜಿಗೆ ಕೊಳೆಯುವುದಿಲ್ಲ. ಕೆಳಗಿನ ಎರಡು ತುದಿಗಳಿಂದಲೂ ಒಂದೊಂದು ದಾರ ಎಳೆದು ಕಂಬಕ್ಕೋ ಕಿಟಕಿಗೋ ಕಟ್ಟಿ. ಇದನ್ನು ಬಿಟ್ಟರೆ ನಕ್ಷತ್ರ ಗಾಳಿಗೆ ಸುತ್ತುತ್ತಾ ವೈರನ್ನು ತಿರುಚಿ ಕೊನೆಗೆ ಕಿತ್ತುಹಾಕುತ್ತದೆ.

ಮಾಡಿನ ಅಡಿಯಲ್ಲಿ ನೇತು ಹಾಕಿದರೆ ಬಾಳಿಕೆ ಜಾಸ್ತಿ. ಕರಾವಳಿಯಲ್ಲಿ ಡಿಸೆಂಬರಿನ ಮಳೆಗಿಂತ ಇಬ್ಬನಿಯೇ ದೊಡ್ಡ ಶತ್ರು. ಮರದ ಕೊಂಬೆಗೇ ಕಟ್ಟಬೇಕೆಂದಿದ್ದರೆ ಮೇಲಿನ ಕೋಡಿನ ಎರಡು ಪಕ್ಕಕ್ಕೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ. ಪ್ಲಗ್ಗು ಮನೆಯೊಳಗೇ ಇರಲಿ. ಹೊರಗೆ ಟೇಪು ಸುತ್ತಿದ ಜಾಯಿಂಟ್ ಒಂದೂ ಇರಬಾರದು. ಏಣಿ ಹತ್ತುವಾಗ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತಿಡಿ. ಮಲಗುವ ಮುನ್ನ ದೀಪ ಆರಿಸಿ.

## ಗೋದಲಿಯ ಗದ್ದೆ

ನಕ್ಷತ್ರ ಏರಿದ ಮೇಲೆ ಮನೆಯವರ ಕೈ ಗೋದಲಿಗೆ ಹೋಗುತ್ತದೆ. ಇಲ್ಲಿ ಎಲ್ಲರೂ ಎಡವುವುದು ಹಸಿರಿನಲ್ಲಿ. ಡಿಸೆಂಬರ್ 24ಕ್ಕೆ ರಾಗಿಯ ಪೈರು ನಾಲ್ಕು ಬೆರಳು ಎತ್ತರ ಬರಬೇಕಿದ್ದರೆ 12 ಅಥವಾ 13ನೇ ತಾರೀಕಿಗೆ ಬಿತ್ತಿ. ಭತ್ತವಾದರೆ ಮೂರು ನಾಲ್ಕು ದಿನ ಮೊದಲು.

ರಾಗಿಯನ್ನು ಒಂದು ರಾತ್ರಿ ನೆನೆಸಿ, ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ಒತ್ತಾಗಿ ಚೆಲ್ಲಿ, ಮೇಲೆ ತೆಳುವಾಗಿ ಹುಡಿಮಣ್ಣು ಉದುರಿಸಿ. ನೀರನ್ನು ಸುರಿಯಬೇಡಿ, ಚಿಮುಕಿಸಿ. ತಟ್ಟೆಯ ತಳಕ್ಕೆ ತೂತು ಇರಲಿ. ಬಿಳಿ ಬೂಸ್ಟು ಕಂಡರೆ ನೀರು ಹೆಚ್ಚಾಗಿದೆ. ಪೈರು ಹಳದಿಯಾಗಿ ಉದ್ದುದ್ದ ಬೆಳೆದರೆ ಬೆಳಕು ಸಾಲದು. ಮೊಳಕೆ ಬಂದ ದಿನದಿಂದ ತಟ್ಟೆಯನ್ನು ಜಗಲಿಯಲ್ಲಿ ಬೆಳಕಿಗಿಟ್ಟು, 23ರ ರಾತ್ರಿ ಮಾತ್ರ ಗೋದಲಿಯೊಳಗೆ ತನ್ನಿ.

ಬಾಲ ಯೇಸುವಿನ ಮೂರ್ತಿಯನ್ನು 24ರ ರಾತ್ರಿಯವರೆಗೆ ಇಡುವುದಿಲ್ಲ. ಮನೆಯ ಅತಿ ಚಿಕ್ಕವರ ಕೈಯಲ್ಲಿ ಇಡಿಸಿದರೆ ಚೆನ್ನ. ಮೂವರು ಜ್ಞಾನಿಗಳನ್ನು ಮೊದಲು ಗದ್ದೆಯ ಆಚೆ ತುದಿಯಲ್ಲಿ ನಿಲ್ಲಿಸಿ ದಿನಕ್ಕಷ್ಟು ಮುಂದೆ ಸರಿಸಿ. ಜನವರಿ 6ಕ್ಕೆ ಅವರು ಕೊಟ್ಟಿಗೆ ಮುಟ್ಟಬೇಕು. ಈ ಸರಿಸುವ ಕೆಲಸ ಮಕ್ಕಳಿಗೇ ಇರಲಿ. ಮರೆತ ದಿನ ಅವರೇ ನೆನಪಿಸುತ್ತಾರೆ.

## ಇಳಿಸಿ ಎತ್ತಿಡುವುದು

ಜನವರಿ 6 ಕಳೆದ ಮೇಲೆ ನಕ್ಷತ್ರ ಇಳಿಸಿ. ಕಾಗದವನ್ನು ಉಳಿಸಲು ಹೋಗಬೇಡಿ. ಮೈದಾ ಅಂಟಿನ ಆಸೆಗೆ ಜಿರಳೆ, ಇಲಿ ಬರುತ್ತವೆ. ಒದ್ದೆ ಬಟ್ಟೆಯಿಂದ ನೆನೆಸಿದರೆ ಕಾಗದ ಸುಲಭವಾಗಿ ಬರುತ್ತದೆ. ಕಡ್ಡಿಯ ಮೇಲಿನ ಅಂಟನ್ನು ಪೂರ್ತಿ ಒರೆಸಿ.

ಆಮೇಲೆ ಐದು ಅಡ್ಡಕಡ್ಡಿಗಳನ್ನು ಬಿಚ್ಚಿ ತೆಗೆಯಿರಿ. ಬಾಗಿದ ಸ್ಥಿತಿಯಲ್ಲೇ ವರ್ಷವಿಡೀ ಇಟ್ಟರೆ ಕಡ್ಡಿಯ ಬಿಗು ಹೋಗುತ್ತದೆ. ಬಿಚ್ಚಿದರೆ ಚೌಕಟ್ಟು ಚಪ್ಪಟೆಯಾಗಿ ಗೋಡೆಗೆ ಒರಗುತ್ತದೆ, ಜಾಗವೂ ಉಳಿಯುತ್ತದೆ. ಅಡ್ಡಕಡ್ಡಿಗಳನ್ನೂ ರಟ್ಟಿನ ಅಚ್ಚನ್ನೂ ಒಂದೇ ಚೀಲಕ್ಕೆ ಹಾಕಿ ಚೌಕಟ್ಟಿಗೇ ಕಟ್ಟಿ. ಅಟ್ಟದಲ್ಲಿ ಒಲೆಯ ಹೊಗೆ ತಾಗುವ ಕಡೆ ಇಟ್ಟರೆ ಕುಟ್ಟೆ ಹಿಡಿಯುವುದು ಕಡಿಮೆ. ಮಳೆಗಾಲದಲ್ಲಿ ಒಮ್ಮೆ ತೆಗೆದು ತಟ್ಟಿ ನೋಡಿ. ಹುಡಿ ಉದುರಿದರೆ ಆ ಕಡ್ಡಿಯೊಂದನ್ನೇ ಬದಲಾಯಿಸಿ. ಹುಳು ಪಕ್ಕದ್ದಕ್ಕೆ ದಾಟಲು ತುಂಬಾ ದಿನ ಬೇಕಾಗುವುದಿಲ್ಲ.